ಇಬ್ಬರು ಮಕ್ಕಳಿಗೂ ಮೂತ್ರ ಜಾಸ್ತಿ. ಒಬ್ಬರಿಗೆ ಉಪ್ಪು ಕೊಡಿ, ಇನ್ನೊಬ್ಬರಿಗೆ ಬೇಡ ಎನ್ನುತ್ತಾರೆ, ಏಕೆ?

ಪ್ರಶ್ನೆ: ದಾವಣಗೆರೆಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಮೂರು ವರ್ಷ, ತೂಕ 12 ಕಿಲೋ. ಕೂಸಾಗಿದ್ದಾಗಲೇ ಅವನಿಗೆ ಕಾರಣ ತಿಳಿಯದ ಜ್ವರ ಬಂದುಹೋಗುತ್ತಿತ್ತು, ಕುಡಿದ ಹಾಲನ್ನು ವಾಂತಿ ಮಾಡುತ್ತಿದ್ದ, ಮಲಬದ್ಧತೆ ಇತ್ತು, ತೂಕ ಏರುತ್ತಲೇ ಇರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಸೋಡಿಯಂ ಸಹಜಕ್ಕಿಂತ ಬಹಳ ಹೆಚ್ಚು, 158 ಎಂದು ಬಂದಾಗ ಇಲ್ಲಿಯ ಮಕ್ಕಳ ವೈದ್ಯರು ನಮ್ಮನ್ನು ಬೆಂಗಳೂರಿಗೆ ಕಳುಹಿಸಿದರು. ಅಲ್ಲಿ ಇದನ್ನು ನೆಫ್ರೋಜೆನಿಕ್ ಡಯಾಬಿಟಿಸ್ ಇನ್ಸಿಪಿಡಸ್ ಎಂದು ಗುರುತಿಸಿದರು. ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ ಎಂದು ತಿಳಿಸಿ ಹೇಳಿದರು. ಎವಿಪಿಆರ್2 ಎಂಬ ಜೀನಿನಲ್ಲಿ ದೋಷವಿದೆ ಎಂಬ ವರದಿಯೂ ಕೈಸೇರಿದೆ. ಈಗ ಅವನು ದಿನಕ್ಕೆ ಮೂರು ಲೀಟರಿಗೂ ಹೆಚ್ಚು ನೀರು ಕುಡಿಯುತ್ತಾನೆ, ರಾತ್ರಿ ಎದ್ದೆದ್ದು ನೀರು ಕೇಳುತ್ತಾನೆ. ಊಟದಲ್ಲಿ ಉಪ್ಪನ್ನು ಎಷ್ಟು ಸಾಧ್ಯವೋ ಅಷ್ಟು ಕಡಿಮೆ ಮಾಡಬೇಕೆಂದು ವೈದ್ಯರು ಬರೆದುಕೊಟ್ಟಿದ್ದಾರೆ.

ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುತ್ತಿದ್ದಾಗ ಇನ್ನೊಬ್ಬ ತಾಯಿಯ ಪರಿಚಯವಾಯಿತು. ಅವರ ಮಗಳಿಗೂ ಹುಟ್ಟಿನಿಂದ ಬಂದ ಮೂತ್ರಪಿಂಡದ ಕಾಯಿಲೆ. ಅವಳೂ ನನ್ನ ಮಗನಂತೆಯೇ ನೀರು ಕುಡಿಯುತ್ತಾಳೆ, ಪದೇಪದೇ ಮೂತ್ರ ಮಾಡುತ್ತಾಳೆ. ಆದರೆ ಅವಳಿಗೆ ಉಪ್ಪನ್ನು ಔಷಧದಂತೆ ಅಳೆದು ಕೊಡಬೇಕೆಂದು ಹೇಳಿದ್ದಾರೆ. ಈ ಮಾತು ನಮ್ಮ ಮನೆಯಲ್ಲಿ ತಿಳಿದ ಮೇಲೆ ಅತ್ತೆಯವರಿಗೆ ಸಂಶಯ ಹುಟ್ಟಿದೆ. ಮಗು ಇಷ್ಟೊಂದು ಮೂತ್ರ ಮಾಡುವಾಗ ಮೈಯೊಳಗಿನ ಉಪ್ಪೆಲ್ಲ ಹೋಗುವುದಿಲ್ಲವೇ ಎಂದು ಕೇಳುತ್ತಾರೆ, ನಾನು ಇಲ್ಲದಾಗ ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿಸುತ್ತಾರೆ. ಅವರದು ಪ್ರೀತಿಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅವರಿಗೆ ಒಪ್ಪುವಂತೆ ಕಾರಣ ಹೇಳಲು ನನಗೇ ಬರುತ್ತಿಲ್ಲ.

ಎರಡನೆಯ ಭಯ ಇನ್ನೂ ದೊಡ್ಡದು. ಹೋದ ಬೇಸಿಗೆಯಲ್ಲಿ ವಾಂತಿ ಶುರುವಾದಾಗ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದೆವು. ಕಾಯಿಲೆಯ ಹೆಸರು ಹೇಳಿದರೂ ಅವರು ಎಲ್ಲ ಮಕ್ಕಳಿಗೂ ಹಾಕುವ ಸಲೈನನ್ನೇ ಹಾಕಿದರು. ಮೂತ್ರ ಧಾರಾಳವಾಗಿ ಹೋಗುತ್ತಿದೆ, ಆದ್ದರಿಂದ ನಿರ್ಜಲೀಕರಣವೇನೂ ಇಲ್ಲ ಎಂದರು. ಮರುದಿನ ಮಗು ಮಂಪರಿನಲ್ಲಿತ್ತು, ಸೋಡಿಯಂ ಮೊದಲಿಗಿಂತ ಏರಿತ್ತು. ಮುಂದೆ ಹೀಗಾದರೆ ನಾವು ಏನು ಹೇಳಬೇಕು, ಯಾವ ಬಾಟಲಿ ಕೇಳಬೇಕು? ಜಗಳೂರು ತಾಲ್ಲೂಕಿನಲ್ಲಿರುವ ನಮ್ಮ ಹಳ್ಳಿಗೆ ಹೋದಾಗ ಕೊಳವೆಬಾವಿಯ ನೀರು ಕೊಡಬಹುದೇ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಮಕ್ಕಳ ವೈದ್ಯ, ಚಿತ್ರದುರ್ಗ

ನಮಸ್ಕಾರ ಅಮ್ಮ. ನಿಮ್ಮ ಮಗುವನ್ನು ನಾನು ಪರೀಕ್ಷಿಸಿಲ್ಲವಾದ್ದರಿಂದ ಔಷಧದ ಪ್ರಮಾಣದ ಬಗ್ಗೆ ಏನೂ ಹೇಳುವುದಿಲ್ಲ. ಅದು ನಿಮ್ಮ ಬೆಂಗಳೂರಿನ ವೈದ್ಯರಿಗೆ ಬಿಟ್ಟದ್ದು. ಆದರೆ ನೀವು ಕೇಳಿರುವ ಕಾರಣವನ್ನು ವಿವರವಾಗಿ ಹೇಳಬಲ್ಲೆ, ಏಕೆಂದರೆ ಈ ಕಾಯಿಲೆಗಳಲ್ಲಿ ಮನೆಯವರಿಗೆ ಕಾರಣ ತಿಳಿದಿದ್ದರೆ ಅರ್ಧ ಅಪಾಯ ತಪ್ಪಿದಂತೆಯೇ.

ದೊಡ್ಡವರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಶೇಕಡಾ 99ರಷ್ಟನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತವೆ. ಈ ಮರಳಿ ಪಡೆಯುವ ಕೆಲಸ ಒಂದೇ ಜಾಗದಲ್ಲಿ ನಡೆಯುವುದಿಲ್ಲ. ಮೂತ್ರಪಿಂಡದೊಳಗೆ ಸೋಸಿದ ದ್ರವ ಹರಿಯುವ ಸಣ್ಣ ನಾಳದ ಮಧ್ಯಭಾಗದಲ್ಲಿ ಉಪ್ಪನ್ನು ಮಾತ್ರ ಎಳೆದುಕೊಳ್ಳುವ ಒಂದು ಭಾಗವಿದೆ. ಸೋಸಿದ ಸೋಡಿಯಂನ ಸುಮಾರು ಕಾಲುಭಾಗ ಅಲ್ಲಿ ಮರಳಿ ಸಿಗುತ್ತದೆ. ನಾಳದ ಕೊನೆಯ ಭಾಗದಲ್ಲಿ ನೀರನ್ನು ಎಳೆದುಕೊಳ್ಳುವ ವ್ಯವಸ್ಥೆಯಿದೆ. ಮೈಯಲ್ಲಿ ನೀರು ಕಡಿಮೆಯಾದಾಗ ಮಿದುಳಿನಿಂದ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಬರುತ್ತದೆ, ಅದರ ಆಜ್ಞೆಗೆ ಈ ಕೊನೆಯ ಭಾಗದಲ್ಲಿ ಅಕ್ವಾಪೊರಿನ್ ಎಂಬ ನೀರಿನ ಬಾಗಿಲುಗಳು ತೆರೆದುಕೊಳ್ಳುತ್ತವೆ. ನಿಮ್ಮ ಮಗನಲ್ಲಿ ಹಾರ್ಮೋನು ಬರುತ್ತಿದೆ, ಆದರೆ ಅದನ್ನು ಗುರುತಿಸುವ ಗ್ರಾಹಕ ಕೆಟ್ಟಿರುವುದರಿಂದ ಬಾಗಿಲು ತೆರೆಯುವುದಿಲ್ಲ. ಉಪ್ಪನ್ನು ಅವನ ಮೂತ್ರಪಿಂಡ ಸರಿಯಾಗಿಯೇ ಹಿಡಿದಿಟ್ಟುಕೊಳ್ಳುತ್ತದೆ. ಹೊರಗೆ ಹರಿದುಹೋಗುತ್ತಿರುವುದು ಬಹುಪಾಲು ಬರೀ ನೀರು. ಆ ಇನ್ನೊಬ್ಬ ಹುಡುಗಿಗೆ ಬಹುಶಃ ಬಾರ್ಟರ್ ಸಿಂಡ್ರೋಮ್ ಇರಬೇಕು. ಅದರಲ್ಲಿ ಕೆಟ್ಟಿರುವುದು ಮಧ್ಯಭಾಗದ ಉಪ್ಪು ಹಿಡಿಯುವ ವ್ಯವಸ್ಥೆ. ಅಲ್ಲಿ ಉಪ್ಪು ಸೋರಿಹೋಗುತ್ತದೆ, ತನ್ನೊಡನೆ ನೀರನ್ನೂ ಎಳೆದೊಯ್ಯುತ್ತದೆ, ಮುಂದಿನ ಹಂತದಲ್ಲಿ ಪೊಟ್ಯಾಸಿಯಂ ಕೂಡ ಹೋಗುತ್ತದೆ. ಹೊರಗಿನಿಂದ ನೋಡಿದರೆ ಇಬ್ಬರದೂ ಒಂದೇ ಲಕ್ಷಣ, ಒಳಗೆ ಆಗುತ್ತಿರುವುದು ತದ್ವಿರುದ್ಧ. ಆದ್ದರಿಂದಲೇ ಅವಳಿಗೆ ಉಪ್ಪು ಔಷಧ, ನಿಮ್ಮ ಮಗನಿಗೆ ಅದೇ ಉಪ್ಪು ಹೊರೆ.

ಆ ಹೊರೆ ಎಷ್ಟೆಂದು ಅತ್ತೆಯವರಿಗೆ ಹೀಗೆ ಲೆಕ್ಕ ಹಾಕಿ ತೋರಿಸಿ. ಒಂದು ಗ್ರಾಂ ಅಡುಗೆ ಉಪ್ಪು ನೀರಿನಲ್ಲಿ ಕರಗಿದಾಗ 17 ಭಾಗ ಸೋಡಿಯಂ, 17 ಭಾಗ ಕ್ಲೋರೈಡ್, ಒಟ್ಟು ಸುಮಾರು 34 ಮಿಲಿಆಸ್ಮೋಲ್ ಕಣಗಳಾಗುತ್ತವೆ. ಮಿಲಿಆಸ್ಮೋಲ್ ಎಂದರೆ ಕರಗಿದ ಕಣಗಳನ್ನು ಲೆಕ್ಕ ಹಾಕುವ ಅಳತೆ, ಮುಂದೆ ಕಣಗಳ ಲೆಕ್ಕವೆಲ್ಲ ಇದೇ ಅಳತೆಯಲ್ಲಿದೆ. ಆರೋಗ್ಯವಂತ ಮಗು ಒಂದು ಲೀಟರ್ ಮೂತ್ರದಲ್ಲಿ ಸಾವಿರದಷ್ಟು ಕಣಗಳನ್ನು ಒತ್ತಾಗಿ ತುಂಬಿ ಹೊರಹಾಕಬಲ್ಲದು. ಅದಕ್ಕೆ ಒಂದು ಗ್ರಾಂ ಉಪ್ಪನ್ನು ಕಳಿಸಲು ಮೂವತ್ತು ನಲವತ್ತು ಮಿಲಿಲೀಟರ್ ನೀರು ಸಾಕು. ನಿಮ್ಮ ಮಗನಂಥವರಲ್ಲಿ ಒಂದು ಲೀಟರ್ ಮೂತ್ರದಲ್ಲಿ ನೂರರ ಆಸುಪಾಸಿನ ಕಣಗಳು ಮಾತ್ರ ಹೋಗುತ್ತವೆ. ಹಾಗಾಗಿ ಅದೇ ಒಂದು ಗ್ರಾಂ ಉಪ್ಪಿಗೆ ಅವನು 340 ಮಿಲಿಲೀಟರ್ ಮೂತ್ರ ಮಾಡಲೇಬೇಕು, ಅಷ್ಟು ನೀರನ್ನು ಹೆಚ್ಚಾಗಿ ಕುಡಿಯಲೇಬೇಕು. ಒಂದು ಟೀ ಚಮಚ ಉಪ್ಪು ಐದು ಗ್ರಾಂ ಎಂದಿಟ್ಟುಕೊಂಡರೆ ಅದಕ್ಕೆ 1.7 ಲೀಟರ್ ಬೇಕು. ಮಜ್ಜಿಗೆ ಒಳ್ಳೆಯದೇ, ಉಪ್ಪು ಹಾಕದೆ ಕೊಡಲಿ.

ಈಗ ಡ್ರಿಪ್ಪಿನ ವಿಷಯ. ಸಾಮಾನ್ಯ ಸಲೈನ್, ಅಂದರೆ 0.9 ಶೇಕಡಾ ಉಪ್ಪುನೀರಿನ ಒಂದು ಲೀಟರಿನಲ್ಲಿ 154 ಸೋಡಿಯಂ ಮತ್ತು 154 ಕ್ಲೋರೈಡ್ ಸೇರಿ 308 ಕಣಗಳಿರುತ್ತವೆ. ಅಷ್ಟನ್ನು ಹೊರಹಾಕಲು ನಿಮ್ಮ ಮಗನಿಗೆ ಮೂರು ಲೀಟರ್ ಮೂತ್ರ ಬೇಕಾಗುತ್ತದೆ. ಒಳಗೆ ಹೋಗುವುದು ಒಂದು ಲೀಟರ್, ಹೊರಗೆ ಬರುವುದು ಮೂರು ಲೀಟರ್. ಡ್ರಿಪ್ ಹಾಕಿದಷ್ಟೂ ಮಗು ಒಣಗುತ್ತಾ ಹೋಗುತ್ತದೆ, ಸೋಡಿಯಂ ಏರುತ್ತದೆ, ಮೂತ್ರ ಹೋಗುತ್ತಿರುವುದನ್ನು ನೋಡಿದವರಿಗೆ ಎಲ್ಲವೂ ಸರಿಯಿದೆ ಎನಿಸುತ್ತದೆ. ಹೋದ ಬೇಸಿಗೆಯಲ್ಲಿ ಆದದ್ದು ಇದೇ ಇರಬೇಕು. ಈ ಕಾಯಿಲೆಯಲ್ಲಿ ಧಾರಾಳ ಮೂತ್ರವು ನಿರ್ಜಲೀಕರಣವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲವೆಂಬುದನ್ನು ಯಾರ ಮುಂದೆಯೂ ಹಿಂಜರಿಯದೆ ಹೇಳಿ.

ಬಾಯಿಂದ ಕುಡಿಸಿದ ನೀರು ಹೊಟ್ಟೆಯಲ್ಲಿ ನಿಲ್ಲದಿದ್ದಾಗ ಇಂಥ ಮಕ್ಕಳಿಗೆ ಸಾಮಾನ್ಯವಾಗಿ ಬೇಕಾದುದು ಉಪ್ಪಿಲ್ಲದ 5 ಶೇಕಡಾ ಡೆಕ್ಸ್ಟ್ರೋಸ್, ಅಂದರೆ ಬರೀ ಗ್ಲೂಕೋಸ್ ನೀರು. ನಮ್ಮ ಕಡೆ ಯಾವ ಡ್ರಿಪ್ಪಿಗೂ ಗ್ಲೂಕೋಸ್ ಎನ್ನುವ ರೂಢಿಯಿದೆ, ಆದ್ದರಿಂದ ಬಾಟಲಿಯ ಮೇಲಿನ ಚೀಟಿಯನ್ನು ಓದಲೇಬೇಕು. ಡಿಎನ್‌ಎಸ್ ಎಂದು ಬರೆದಿದ್ದರೆ ಅದರಲ್ಲಿ ಗ್ಲೂಕೋಸಿನ ಜೊತೆಗೆ ಪೂರ್ತಿ ಪ್ರಮಾಣದ ಉಪ್ಪೂ ಇರುತ್ತದೆ. ರಿಂಗರ್ ಲ್ಯಾಕ್ಟೇಟಿನಲ್ಲಿಯೂ ಲೀಟರಿಗೆ 130ರಷ್ಟು ಸೋಡಿಯಂ ಇದೆ. ಇದಕ್ಕೆ ಒಂದು ಅಪವಾದವಿದೆ: ಮಗುವಿನ ಕೈಕಾಲು ತಣ್ಣಗಾಗಿ, ನಾಡಿ ಸಿಗದೆ, ರಕ್ತದೊತ್ತಡ ಬಿದ್ದಿದ್ದರೆ ಆ ಗಳಿಗೆಯಲ್ಲಿ ಜೀವ ಉಳಿಸಲು ಸಲೈನನ್ನೇ ವೇಗವಾಗಿ ಕೊಡಬೇಕಾಗುತ್ತದೆ, ಅದನ್ನು ತಡೆಯಬೇಡಿ. ಚೇತರಿಸಿಕೊಂಡ ಮೇಲೆ ಬದಲಾಯಿಸಿದರಾಯಿತು. ಡೆಕ್ಸ್ಟ್ರೋಸ್ ಕೂಡ ಮನಸೋ ಇಚ್ಛೆ ಹರಿಸುವ ವಸ್ತುವಲ್ಲ. ಏರಿದ ಸೋಡಿಯಂ ಒಂದು ದಿನದಲ್ಲಿ 10 ರಿಂದ 12ಕ್ಕಿಂತ ಹೆಚ್ಚು ಇಳಿಯಬಾರದು, ಇಳಿದರೆ ಮಿದುಳಿಗೆ ಬಾವು ಬಂದು ಫಿಟ್ಸ್ ಬರುವ ಅಪಾಯವಿದೆ. ಹೆಚ್ಚು ಗ್ಲೂಕೋಸ್ ಹೋದರೆ ರಕ್ತದ ಸಕ್ಕರೆ ಏರಿ ಅದೂ ಮೂತ್ರವನ್ನು ಹೆಚ್ಚಿಸುತ್ತದೆ. ಆದ್ದರಿಂದ ಕೆಲವು ಗಂಟೆಗಳಿಗೊಮ್ಮೆ ಸೋಡಿಯಂ ಮತ್ತು ಸಕ್ಕರೆ ನೋಡಬಲ್ಲ, ರಾತ್ರಿಯೂ ಲ್ಯಾಬ್ ತೆರೆದಿರುವ ಆಸ್ಪತ್ರೆಗೇ ಹೋಗಿ. ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜುಗಳಿರುವುದು ನಿಮ್ಮ ಪಾಲಿಗೆ ದೊಡ್ಡ ಅನುಕೂಲ.

ಓಆರ್‌ಎಸ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಈಗಿನ ಒಂದು ಲೀಟರ್ ಓಆರ್‌ಎಸ್‌ನಲ್ಲಿ ಒಟ್ಟು 245 ಕಣಗಳು, ಅದರಲ್ಲಿ 75 ಸೋಡಿಯಂ. ಮೈ ಬಳಸಿಕೊಳ್ಳುವ ಗ್ಲೂಕೋಸಿನ 75ನ್ನು ಕಳೆದರೂ ಉಳಿದುದಕ್ಕೆ ನಿಮ್ಮ ಮಗನಿಗೆ ಸುಮಾರು 1.7 ಲೀಟರ್ ಮೂತ್ರ ಬೇಕು. ಬರೀ ವಾಂತಿ, ಜ್ವರ, ಬಿಸಿಲಿನ ಆಯಾಸಕ್ಕೆ ಅದನ್ನು ಕುಡಿಸಬೇಡಿ, ಸಾದಾ ನೀರು ಕೊಡಿ. ನಿಜವಾದ ನೀರುಭೇದಿಯಾದರೆ ಮಲದಲ್ಲಿ ಉಪ್ಪೂ ಹೋಗುತ್ತದೆ. ಆಗ ಭೇದಿಯಲ್ಲಿ ಹೋದಷ್ಟಕ್ಕೆ ಓಆರ್‌ಎಸ್, ಮೂತ್ರದಲ್ಲಿ ಹೋದಷ್ಟಕ್ಕೆ ಸಾದಾ ನೀರು ಎಂದು ಎರಡನ್ನೂ ಬೇರೆಬೇರೆಯಾಗಿ ಲೆಕ್ಕ ಹಿಡಿದು ಕೊಡಬೇಕಾಗುತ್ತದೆ, ಅದನ್ನು ವೈದ್ಯರ ಕಣ್ಣೆದುರೇ ಮಾಡುವುದು ಕ್ಷೇಮ.

ಮನೆಯಲ್ಲಿ ಒಂದು ತೂಕದ ಯಂತ್ರ ಇಟ್ಟುಕೊಳ್ಳಿ. ಕಾಯಿಲೆಯ ದಿನಗಳಲ್ಲಿ ಬೆಳಿಗ್ಗೆ ಸಂಜೆ ಒಂದೇ ಬಗೆಯ ಬಟ್ಟೆಯಲ್ಲಿ ತೂಗಿ. ಬೆಳಗಿನಿಂದ ಸಂಜೆಗೆ ಅರ್ಧ ಕಿಲೋ ಇಳಿದಿದ್ದರೆ ಅದು ಅರ್ಧ ಲೀಟರ್ ನೀರೇ, ಮಾಂಸವಲ್ಲ. ನಾಲಿಗೆ, ಕಣ್ಣು, ಚರ್ಮ ನೋಡಿ ಅಂದಾಜು ಮಾಡುವುದಕ್ಕಿಂತ ಇದು ನಂಬಿಕೆಗೆ ಯೋಗ್ಯ.

ಉತ್ತರ: ಚಳ್ಳಕೆರೆಯ ತಂದೆ

ಸಹೋದರಿಯವರಿಗೆ ನಮಸ್ಕಾರ. ನನ್ನ ಮಗಳಿಗೆ ಬಾರ್ಟರ್ ಸಿಂಡ್ರೋಮ್ ಇದೆ, ಈಗ ಆರು ವರ್ಷ. ಹೆಂಡತಿ ಗರ್ಭಿಣಿಯಾಗಿದ್ದಾಗ ಗರ್ಭಜಲ ವಿಪರೀತ ಹೆಚ್ಚಾಗಿ ಅವಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಗರ್ಭದಲ್ಲಿದ್ದಾಗಲೇ ಮಗು ಅಷ್ಟು ಮೂತ್ರ ಮಾಡುತ್ತಿತ್ತೆಂದು ನಮಗೆ ಆಮೇಲೆ ತಿಳಿಯಿತು. ಡಾಕ್ಟರ್ ಸಾಹೇಬರು ಹೇಳಿದ್ದರ ಇನ್ನೊಂದು ಮಗ್ಗುಲನ್ನು ನಾನು ದಿನವೂ ನೋಡುತ್ತಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ.

ನಮಗೆ ತಿಳಿಸಿರುವ ಪ್ರಕಾರ ಈ ಕಾಯಿಲೆಯಲ್ಲಿ ಕಿಲೋ ತೂಕಕ್ಕೆ ದಿನಕ್ಕೆ 5ರಿಂದ 10 ಮಿಲಿಮೋಲ್ ಹೆಚ್ಚುವರಿ ಉಪ್ಪು ಬೇಕಾಗಬಹುದು. 10 ಕಿಲೋ ಮಗುವಿಗೆ ಅದು ಸುಮಾರು ಮೂರರಿಂದ ಆರು ಗ್ರಾಂ ಆಗುತ್ತದೆ. ನಿಮ್ಮ ಮಗನಿಗೆ ಅಷ್ಟು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಮೇಲಿನ ಲೆಕ್ಕದಲ್ಲಿಯೇ ನೋಡಬಹುದು. ನನ್ನ ಮಗಳಿಗೆ ಕೊಡದಿದ್ದರೆ ಸಂಜೆಯ ಹೊತ್ತಿಗೆ ಕಾಲು ಸೋತು ಕುಳಿತುಬಿಡುತ್ತಾಳೆ. ನಾವು ಬೇಡವೆಂದರೂ ಅವಳು ಉಪ್ಪಿನಕಾಯಿಯ ಮೇಲೆ ಆಸೆ ಬಿಡುವುದಿಲ್ಲ. ಮೈಗೆ ಏನು ಬೇಕೆಂದು ಆ ಮಕ್ಕಳಿಗೆ ತಾವಾಗಿಯೇ ತಿಳಿದಿರುತ್ತದೆ ಎಂದು ನಮ್ಮ ವೈದ್ಯರು ಹೇಳಿದ ಮೇಲೆ ನಾವು ಬಯ್ಯುವುದನ್ನು ನಿಲ್ಲಿಸಿದೆವು.

ಪೊಟ್ಯಾಸಿಯಂ ವಿಷಯದಲ್ಲಿ ಎಲ್ಲ ಪಾಲಕರೂ ಒಂದು ಎಚ್ಚರಿಕೆ ಇಟ್ಟುಕೊಳ್ಳಬೇಕು. ಔಷಧದ ಅಂಗಡಿಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಸಿಟ್ರೇಟ್ ಎಂಬ ಎರಡು ಬಗೆಯ ಸಿರಪ್ ಸಿಗುತ್ತವೆ. ಒಂದಿಲ್ಲದಿದ್ದರೆ ಇನ್ನೊಂದು ಕೊಡುತ್ತೇನೆ, ಎರಡೂ ಪೊಟ್ಯಾಸಿಯಂ ತಾನೆ ಎಂದು ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಬಾರ್ಟರ್ ಮಕ್ಕಳ ರಕ್ತದಲ್ಲಿ ಕ್ಷಾರ ಮೊದಲೇ ಹೆಚ್ಚಿರುತ್ತದೆ, ಕ್ಲೋರೈಡ್ ಕಡಿಮೆಯಿರುತ್ತದೆ. ಸಿಟ್ರೇಟ್ ಮೈಯಲ್ಲಿ ಕ್ಷಾರವಾಗಿ ಮಾರ್ಪಡುವುದರಿಂದ ಅದು ಇನ್ನಷ್ಟು ಕೆಡಿಸುತ್ತದೆ. ರೀನಲ್ ಟ್ಯೂಬುಲರ್ ಅಸಿಡೋಸಿಸ್ ಎಂಬ ಇನ್ನೊಂದು ಕಾಯಿಲೆಯ ಮಕ್ಕಳಲ್ಲಿ ಆಮ್ಲ ಹೆಚ್ಚಿರುತ್ತದೆ, ಅವರಿಗೆ ಬೇಕಾದುದು ಸಿಟ್ರೇಟೇ. ಚೀಟಿಯಲ್ಲಿ ಇರುವುದನ್ನೇ ತರಬೇಕು, ಬದಲಿ ಬೇಡ. ಸಿರಪ್ಪನ್ನು ಹಾಗೆಯೇ ಕುಡಿಸಿದರೆ ಹೊಟ್ಟೆ ಉರಿದು ವಾಂತಿಯಾಗುತ್ತದೆ. ನಾವು ಅದನ್ನು ನೀರಿನಲ್ಲಿ ಬೆರೆಸಿ, ಊಟದ ನಂತರ, ದಿನದ ಪ್ರಮಾಣವನ್ನು ಹಲವು ಪಾಲು ಮಾಡಿ ಕೊಡುತ್ತೇವೆ. ಒಂದೇ ಸಲ ಕೊಟ್ಟರೆ ಮಟ್ಟ ಏರಿ ಮತ್ತೆ ಇಳಿಯುತ್ತದೆ. ಮೊದಮೊದಲು ವರದಿಯಲ್ಲಿ ಪೊಟ್ಯಾಸಿಯಂ 3.5ಕ್ಕೆ ಏರಲಿಲ್ಲವೆಂದು ನಾವು ಕಂಗಾಲಾಗುತ್ತಿದ್ದೆವು. ಈ ಕಾಯಿಲೆಯಲ್ಲಿ 3ರ ಹತ್ತಿರ ನಿಂತರೂ ಸಮಾಧಾನಪಡಬೇಕು, ಅಂಕಿಯನ್ನು ಸಹಜಕ್ಕೆ ತರಲು ಔಷಧ ಏರಿಸುತ್ತಲೇ ಹೋದರೆ ಹೊಟ್ಟೆ ತಡೆಯುವುದಿಲ್ಲ ಎಂದು ವಿವರಿಸಿದರು.

ನಮ್ಮ ಮಗಳು ವಾಂತಿ ಮಾಡಿದಾಗ ಸಲೈನ್ ಬೇಕೇ ಬೇಕು. ನಮ್ಮಿಬ್ಬರ ಮಕ್ಕಳನ್ನು ಒಂದೇ ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆಯಲ್ಲಿ ಮಲಗಿಸಿ ಬಾಟಲಿ ಅದಲುಬದಲಾದರೆ ಇಬ್ಬರಿಗೂ ಅನಾಹುತ. ಹೀಗಾಗಿ ಬೇರೆಯವರ ಮಗುವಿನ ಚಿಕಿತ್ಸೆಯನ್ನು ನೋಡಿ ನಮ್ಮ ಮಗುವಿಗೆ ಏನನ್ನೂ ಮಾಡಬಾರದು, ನನ್ನ ಮಗಳದ್ದನ್ನು ನೋಡಿಯೂ ಮಾಡಬಾರದು.

ಉತ್ತರ: ಮಕ್ಕಳ ವೈದ್ಯ, ಚಿತ್ರದುರ್ಗ

ಚಳ್ಳಕೆರೆಯ ತಂದೆಯವರು ಬಹಳ ಚೆನ್ನಾಗಿ ಬರೆದಿದ್ದಾರೆ. ಅವರ ಮಾತಿಗೆ ಒಂದು ಸಣ್ಣ ಸೇರ್ಪಡೆ. ಬಾರ್ಟರ್ ಸಿಂಡ್ರೋಮಿನ ಕೆಲವು ಬಗೆಗಳಲ್ಲಿ, ಮುಖ್ಯವಾಗಿ ಗರ್ಭದಲ್ಲಿಯೇ ಕಾಣಿಸಿಕೊಳ್ಳುವ ಒಂದನೆಯ ಮತ್ತು ಎರಡನೆಯ ಬಗೆಗಳಲ್ಲಿ, ಕೆಲವು ಮಕ್ಕಳಿಗೆ ನೀರು ಹಿಡಿಯುವ ಶಕ್ತಿಯೂ ಹೋಗಿ ಸೋಡಿಯಂ ಏರುತ್ತದೆ. ಅಂಥವರಿಗೆ ಬಾರ್ಟರ್ ಇದ್ದರೂ ಉಪ್ಪು ಕೊಡಬಾರದು. ಕಾಯಿಲೆಯ ಹೆಸರಿನ ಜೊತೆಗೆ ಆ ಮಗುವಿನ ರಕ್ತದ ಸೋಡಿಯಂ ಏನು ಹೇಳುತ್ತದೆ ಎಂಬುದನ್ನೂ ನೋಡುವುದು ಇದಕ್ಕಾಗಿಯೇ.

ಪ್ರಶ್ನೆ ಕೇಳಿದವರು: ದಾವಣಗೆರೆಯ ತಾಯಿ

ಇಬ್ಬರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಒಂದು ಗ್ರಾಂ ಉಪ್ಪಿಗೆ 340 ಮಿಲಿಲೀಟರ್ ಎಂಬ ಲೆಕ್ಕವನ್ನು ಅತ್ತೆಯವರಿಗೆ ಲೋಟ ಇಟ್ಟು ತೋರಿಸಿದೆ. ಇನ್ನು ಅವರೇ ಮಜ್ಜಿಗೆಯಲ್ಲಿ ಉಪ್ಪು ಬಿಟ್ಟು ಜೀರಿಗೆ, ಕೊತ್ತಂಬರಿ ಸೊಪ್ಪು ಹಾಕುತ್ತೇನೆಂದು ಹೇಳಿದ್ದಾರೆ. ಉಪ್ಪಿನ ಬದಲು ಸೈಂಧವ ಲವಣವನ್ನೋ ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪನ್ನೋ ಬಳಸಬಹುದೇ ಎಂದು ನಮ್ಮ ಯಜಮಾನರು ಕೇಳುತ್ತಿದ್ದಾರೆ.

ಇನ್ನೊಂದು ಸಂಗತಿ. ಮಗನಿಗೆ ಹೈಡ್ರೋಕ್ಲೋರೋಥಯಜೈಡ್ ಮತ್ತು ಅಮಿಲೋರೈಡ್ ಬರೆದುಕೊಟ್ಟಿದ್ದಾರೆ. ಇದು ಮೂತ್ರ ಹೆಚ್ಚಿಸುವ ಗುಳಿಗೆ, ಮೂತ್ರ ಹೆಚ್ಚಿರುವ ಮಗುವಿಗೆ ಇದನ್ನು ಏಕೆ ಕೊಡುತ್ತೀರಿ ಎಂದು ಔಷಧದ ಅಂಗಡಿಯವರು ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ. ಜೂನ್‌ನಲ್ಲಿ ಅವನನ್ನು ಶಾಲೆಗೆ ಸೇರಿಸಬೇಕೆಂದಿದ್ದೇವೆ, ಅದರ ಬಗ್ಗೆಯೂ ಚಿಂತೆಯಿದೆ.

ಉತ್ತರ: ಮಕ್ಕಳ ವೈದ್ಯ, ಚಿತ್ರದುರ್ಗ

ಅಂಗಡಿಯವರ ಪ್ರಶ್ನೆ ನ್ಯಾಯವಾದದ್ದೇ. ಈ ಗುಳಿಗೆ ಮೂತ್ರದಲ್ಲಿ ಸ್ವಲ್ಪ ಉಪ್ಪನ್ನು ಹೊರಹಾಕಿಸುತ್ತದೆ. ಮೈಯಲ್ಲಿ ಉಪ್ಪು ಕೊಂಚ ಕಡಿಮೆಯಾದೊಡನೆ ನಾಳದ ಮೊದಲ ಭಾಗ ಎಚ್ಚೆತ್ತು ಉಪ್ಪನ್ನೂ ನೀರನ್ನೂ ಅಲ್ಲಿಯೇ ಹೆಚ್ಚಾಗಿ ಎಳೆದುಕೊಳ್ಳುತ್ತದೆ, ಹೀಗಾಗಿ ಕೆಟ್ಟಿರುವ ಕೊನೆಯ ಭಾಗಕ್ಕೆ ತಲುಪುವ ನೀರೇ ಕಡಿಮೆಯಾಗುತ್ತದೆ. ಕೊನೆಗೆ ಒಟ್ಟು ಮೂತ್ರ ಇಳಿಯುತ್ತದೆ. ಆದರೆ ಊಟದಲ್ಲಿ ಉಪ್ಪು ಹೆಚ್ಚಿದ್ದರೆ ಗುಳಿಗೆಯ ಈ ಕೆಲಸವೆಲ್ಲ ವ್ಯರ್ಥವಾಗುತ್ತದೆ. ಉಪ್ಪು ಕಡಿಮೆ ಮಾಡುವುದು ಮತ್ತು ಗುಳಿಗೆ ಎರಡೂ ಕೂಡಿ ನಡೆಯಬೇಕು. ಥಯಜೈಡಿನಿಂದ ಪೊಟ್ಯಾಸಿಯಂ ಹೋಗುವುದನ್ನು ತಡೆಯಲು ಅಮಿಲೋರೈಡ್ ಜೊತೆಗಿದೆ. ಗುಳಿಗೆ ಶುರುಮಾಡಿದ ಹೊಸತರಲ್ಲಿ ಮಗುವಿಗೆ ಒತ್ತಾಯ ಮಾಡಿ ನೀರು ಕುಡಿಸಬೇಡಿ, ಬಾಯಾರಿಕೆಯಷ್ಟೇ ಅಳತೆ. ಮೂತ್ರ ಇಳಿದ ಮೇಲೂ ಮೊದಲಿನಷ್ಟೇ ಕುಡಿಸಿದರೆ ಸೋಡಿಯಂ ತೀರಾ ಇಳಿಯಬಹುದು. ಯಾರಾದರೂ ಇಂಡೊಮೆಥಾಸಿನ್ ಎಂಬ ಔಷಧವನ್ನು ಸೇರಿಸಿದ್ದರೆ ವಾಂತಿಭೇದಿಯ ದಿನಗಳಲ್ಲಿ ಅದನ್ನು ನಿಲ್ಲಿಸಬೇಕೇ ಎಂದು ಕೂಡಲೇ ಫೋನ್ ಮಾಡಿ ಕೇಳಿ, ಏಕೆಂದರೆ ಮೈ ಒಣಗಿದಾಗ ಅದು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ.

ಸೈಂಧವ ಲವಣವೂ ಹೆಚ್ಚುಕಡಿಮೆ ಅದೇ ಸೋಡಿಯಂ ಕ್ಲೋರೈಡ್. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಒಂದು ಪಾಲನ್ನು ಪೊಟ್ಯಾಸಿಯಂ ಕ್ಲೋರೈಡಿನಿಂದ ತುಂಬಿರುತ್ತಾರೆ. ಮೂತ್ರಪಿಂಡಕ್ಕೆ ಅದೂ ಹೊರಹಾಕಬೇಕಾದ ಕಣವೇ. ಅಮಿಲೋರೈಡ್ ತೆಗೆದುಕೊಳ್ಳುವ ಮಗುವಿನಲ್ಲಿ ಪೊಟ್ಯಾಸಿಯಂ ಏರುವ ಅಪಾಯವೂ ಸೇರಿಕೊಳ್ಳುತ್ತದೆ. ಎರಡೂ ಬೇಡ.

ಶಾಲೆಯವರಿಗೆ ಮೂರು ವಿಷಯ ಬರಹದಲ್ಲಿ ಕೊಡಿ: ತರಗತಿಯ ನಡುವೆಯೂ ನೀರು ಕುಡಿಯಲು ಬಿಡಬೇಕು, ಕೇಳಿದ ಕ್ಷಣವೇ ಶೌಚಾಲಯಕ್ಕೆ ಕಳುಹಿಸಬೇಕು, ನೀರು ಮುಟ್ಟದೆ ಸುಮ್ಮನೆ ಮಲಗಿದರೆ ನಿಮಗೆ ಫೋನ್ ಮಾಡಬೇಕು. ಮೂತ್ರ ತಡೆದಿಟ್ಟುಕೊಳ್ಳುವ ಅಭ್ಯಾಸವಾದರೆ ಮೂತ್ರಚೀಲ ಹಿಗ್ಗಿ, ಒತ್ತಡ ಮೇಲಕ್ಕೇರಿ ಮೂತ್ರಪಿಂಡಗಳೇ ಊದಿಕೊಳ್ಳುತ್ತವೆ. ನಿಗದಿತವಾಗಿ ಸ್ಕ್ಯಾನ್ ಮಾಡಿಸುವುದು ಇದನ್ನು ನೋಡಲಿಕ್ಕೆ.

ನಿಮ್ಮ ಮೊದಲ ಬರಹದಲ್ಲಿ ಇಲ್ಲದ ಒಂದು ವಿಷಯವನ್ನು ನಾನಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಭಾಗದ ಮನೆಗಳಲ್ಲಿ ಇದು ತಾಯಂದಿರನ್ನು ಬಹಳ ನೋಯಿಸುತ್ತದೆ. ಎವಿಪಿಆರ್2 ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಸಾಮಾನ್ಯವಾಗಿ ಅದು ತಾಯಿಯಿಂದ ಮಗನಿಗೆ ಬರುತ್ತದೆ, ಕೆಲವೊಮ್ಮೆ ಮಗುವಿನಲ್ಲಿಯೇ ಹೊಸದಾಗಿ ಹುಟ್ಟುತ್ತದೆ. ತಾಯಿ ವಾಹಕಳಾಗಿದ್ದರೆ ಪ್ರತಿ ಗಂಡುಮಗುವಿಗೂ ಬರುವ ಸಾಧ್ಯತೆ ಅರ್ಧ. ಬಾರ್ಟರ್ ಮತ್ತು ಅಸಿಡೋಸಿಸ್‌ಗಳ ಬಹುಪಾಲು ಬಗೆಗಳು ತಂದೆತಾಯಿ ಇಬ್ಬರಿಂದಲೂ ಒಂದೊಂದು ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಸೋದರಮಾವ, ಅತ್ತೆಮಗ ಎಂದು ಒಳಗೊಳಗೇ ಮದುವೆಯಾಗುವ ಕುಟುಂಬಗಳಲ್ಲಿ ಅವು ಹೆಚ್ಚು. ಇವುಗಳಲ್ಲಿ ಯಾವುದೂ ಯಾರೊಬ್ಬರ ತಪ್ಪಲ್ಲ. ಮುಂದಿನ ಮಗುವಿನ ಯೋಚನೆಯಿದ್ದರೆ, ನಿಮಗೆ ತಂಗಿಯರಿದ್ದರೆ, ಜೀನ್ ಸಲಹೆ ಪಡೆಯಿರಿ. ಹುಟ್ಟಿದ ದಿನವೇ ತಿಳಿದರೆ ನಿಮ್ಮ ಮಗ ಕೂಸಾಗಿದ್ದಾಗ ಪಟ್ಟ ಪಾಡನ್ನು ಮುಂದಿನ ಕೂಸು ಪಡಬೇಕಾಗಿಲ್ಲ.

ಉತ್ತರ: ಆಹಾರ ಸಲಹೆಗಾರ್ತಿ, ದಾವಣಗೆರೆ

ನಮ್ಮೂರಿನ ಊಟದಲ್ಲಿ ಈ ಮಗುವಿಗೆ ಅನುಕೂಲವೂ ಇದೆ, ಅಪಾಯವೂ ಇದೆ. ಮುದ್ದೆ, ಜೋಳದ ರೊಟ್ಟಿ, ಅನ್ನ ಇವುಗಳಿಗೆ ಉಪ್ಪು ಹಾಕದೆಯೇ ಮಾಡಬಹುದು, ಮನೆಯವರೆಲ್ಲರೂ ಹಾಗೆಯೇ ತಿನ್ನಬಹುದು. ಸಾರು ಕುದಿದ ಮೇಲೆ ಮಗುವಿನ ಪಾಲನ್ನು ಮೊದಲು ತೆಗೆದಿಟ್ಟು ಆಮೇಲೆ ಉಪ್ಪು ಹಾಕಿ. ಹುಣಸೆ, ನಿಂಬೆ, ಬೆಳ್ಳುಳ್ಳಿ ಒಗ್ಗರಣೆ ಇದ್ದರೆ ಕೆಲವೇ ವಾರಗಳಲ್ಲಿ ಮಗುವಿನ ನಾಲಿಗೆ ಒಗ್ಗಿಕೊಳ್ಳುತ್ತದೆ. ಅಪಾಯವಿರುವುದು ಸಂಜೆಯ ತಿಂಡಿಯಲ್ಲಿ. ಮಂಡಕ್ಕಿಯ ಅಕ್ಕಿಗೆ ಭಟ್ಟಿಯಲ್ಲಿ ಹುರಿಯುವ ಮೊದಲೇ ಉಪ್ಪು ಹಿಡಿಸಿರುತ್ತಾರೆ, ಮನೆಯಲ್ಲಿ ಒಗ್ಗರಣೆ ಹಾಕುವಾಗ ನೀವು ಉಪ್ಪು ಬಿಟ್ಟರೂ ಅದು ಇದ್ದೇ ಇರುತ್ತದೆ. ಮಿರ್ಚಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ, ಬ್ರೆಡ್ಡು, ಖಾರದ ಬಿಸ್ಕತ್ತು ಎಲ್ಲವೂ ಅದೇ ಸಾಲಿನವು. ಅಡುಗೆ ಸೋಡಾದಲ್ಲಿಯೂ ಸೋಡಿಯಂ ಇದೆ.

ಈ ಮಕ್ಕಳ ಇನ್ನೊಂದು ಕಷ್ಟವೆಂದರೆ ಹೊಟ್ಟೆಯನ್ನು ನೀರಿನಿಂದಲೇ ತುಂಬಿಸಿಕೊಂಡು ಊಟ ಬಿಡುತ್ತಾರೆ, ತೂಕ ಏರುವುದಿಲ್ಲ. ನೀರನ್ನು ತಡೆಯುವಂತಿಲ್ಲ, ಆದ್ದರಿಂದ ತುತ್ತು ಸಣ್ಣದಾಗಿದ್ದರೂ ಅದರಲ್ಲಿ ಶಕ್ತಿ ಹೆಚ್ಚಿರಬೇಕು. ಬೆಣ್ಣೆ, ತುಪ್ಪ, ಎಣ್ಣೆ ಮೂತ್ರಪಿಂಡಕ್ಕೆ ಕಣಗಳ ಹೊರೆ ತರುವುದಿಲ್ಲ. ಉಪ್ಪಿಲ್ಲದ ಮನೆಬೆಣ್ಣೆಯನ್ನು ಮುದ್ದೆಗೂ ರೊಟ್ಟಿಗೂ ಧಾರಾಳವಾಗಿ ಹಚ್ಚಿ. ಬೇಳೆ, ಮೊಟ್ಟೆ, ಹಾಲನ್ನು ಪೂರ್ತಿ ನಿಲ್ಲಿಸಬೇಡಿ. ಪ್ರೋಟೀನಿನಿಂದ ಯೂರಿಯಾ ಹುಟ್ಟಿ ಹೊರೆಯಾಗುವುದು ನಿಜವಾದರೂ ವಯಸ್ಸಿಗೆ ತಕ್ಕಷ್ಟು ಸಿಗದಿದ್ದರೆ ಮಗು ಬೆಳೆಯುವುದಿಲ್ಲ. ಇದೇ ಕಾಯಿಲೆಯ ಕೂಸು ಇರುವವರು ಓದುತ್ತಿದ್ದರೆ ಅವರಿಗಾಗಿ: ಹಸುವಿನ ಹಾಲು ಮೂತ್ರಪಿಂಡದ ಮೇಲೆ ಹೊರಿಸುವ ಹೊರೆ ತಾಯಿಯ ಹಾಲಿನದಕ್ಕಿಂತ ಸುಮಾರು ಮೂರು ಪಟ್ಟು, ಆದ್ದರಿಂದ ಎದೆಹಾಲು ಸಾಧ್ಯವಿದ್ದಷ್ಟು ಕಾಲ ಮುಂದುವರಿಯಲಿ.

ಉತ್ತರ: ಕುಡಿಯುವ ನೀರಿನ ಪರೀಕ್ಷೆಯಲ್ಲಿ ಕೆಲಸ ಮಾಡಿದವರು, ಹಿರಿಯೂರು

ಅಮ್ಮ, ಕೊಳವೆಬಾವಿಯ ನೀರಿನ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ, ಆದರೆ ಅದು ಸಣ್ಣ ಪ್ರಶ್ನೆಯಲ್ಲ. ಚಿತ್ರದುರ್ಗ ಜಿಲ್ಲೆಯ ಮತ್ತು ನಿಮ್ಮ ಕಡೆಯ ಒಣಪ್ರದೇಶದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಭಾರತೀಯ ಮಾನದಂಡದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಆದರೆ ಈ ಮಿತಿಯನ್ನು ಹಾಕಿರುವುದು ಸಾಮಾನ್ಯರು ಕುಡಿಯುವ ನೀರಿನ ಪ್ರಮಾಣವನ್ನು ಗಮನದಲ್ಲಿಟ್ಟುಕೊಂಡು. 1.5 ಇರುವ ನೀರನ್ನು ದಿನಕ್ಕೆ ಒಂದು ಲೀಟರ್ ಕುಡಿಯುವ ಮಗುವಿಗೆ 1.5 ಮಿಲಿಗ್ರಾಂ ಸೇರುತ್ತದೆ, ಮೂರೂವರೆ ಲೀಟರ್ ಕುಡಿಯುವ ನಿಮ್ಮ ಮಗನಿಗೆ ಐದು ಮಿಲಿಗ್ರಾಂ ದಾಟುತ್ತದೆ. ಊರಿನ ಇತರ ಮಕ್ಕಳಿಗೆ ಹಲ್ಲಿನ ಕಲೆ ಬರದ ನೀರಿನಲ್ಲಿಯೂ ಅವನ ಹಲ್ಲಿಗೆ, ಮುಂದೆ ಮೂಳೆಗೆ ತೊಂದರೆಯಾಗಬಹುದು.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಅಂಗಡಿಯವರು ನೀರಿನಲ್ಲಿ ಅದ್ದಿ ತೋರಿಸುವ ಟಿಡಿಎಸ್ ಮೀಟರ್ ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆಯೇ ಹೊರತು ಫ್ಲೋರೈಡನ್ನು ಪ್ರತ್ಯೇಕವಾಗಿ ತೋರಿಸುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೂ ನಿಮ್ಮ ಕೊಳವೆಬಾವಿಯ ನೀರನ್ನೂ ಬೇರೆಬೇರೆ ಸೀಸೆಯಲ್ಲಿ ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟು ಫ್ಲೋರೈಡ್ ಮತ್ತು ಸೋಡಿಯಂ ಎರಡನ್ನೂ ನೋಡಿ ಕೊಡಬೇಕೆಂದು ಕೇಳಿ. ಘಟಕದ ಫಿಲ್ಟರ್ ಬದಲಾಯಿಸದೆ ಬಿಟ್ಟಿದ್ದರೆ ಅದರ ನೀರಿಗೂ ಭರವಸೆಯಿಲ್ಲ. ವರದಿ ಬರುವವರೆಗೆ ಹಳ್ಳಿಗೆ ಹೋಗುವಾಗ ದಾವಣಗೆರೆಯಿಂದಲೇ ಕ್ಯಾನಿನಲ್ಲಿ ನೀರು ಒಯ್ಯಿರಿ, ಮಗುವಿನ ಗಂಜಿ, ಹಾಲು ಬೆರೆಸುವ ನೀರೂ ಅದೇ ಇರಲಿ.

ಉತ್ತರ: ಚಳ್ಳಕೆರೆಯ ತಂದೆ

ನೀರಿನ ಮಾತು ಬಂದದ್ದರಿಂದ ಒಂದು ಮಾತು. ಮಾರ್ಚ್ ಹೊತ್ತಿಗೆ ನಾಯಕನಹಟ್ಟಿ ಜಾತ್ರೆಯಂಥ ಜನಜಂಗುಳಿಗೆ ಹೋಗುವಾಗ, ಬೆಂಗಳೂರಿಗೆ ಹೊರಟು 260 ಕಿಲೋಮೀಟರ್ ಬಸ್ಸಿನಲ್ಲಿ ಕೂರುವಾಗ, ನಿಲ್ದಾಣದಲ್ಲಿ ಕೊಂಡರಾಯಿತು ಎಂದುಕೊಳ್ಳಬೇಡಿ. ಬಸ್ಸು ಕೆಟ್ಟು ನಿಂತರೂ ಸಾಲುವಷ್ಟು ನೀರು ಕೈಯಲ್ಲಿರಲಿ. ಕಂಡಕ್ಟರ್ ಅವರಿಗೆ ಹತ್ತುವಾಗಲೇ ಮಗುವಿನ ವಿಷಯ ಹೇಳಿಬಿಟ್ಟರೆ ಅವರು ದಾರಿಯಲ್ಲಿ ನಿಲ್ಲಿಸಿಕೊಡುತ್ತಾರೆ. ನಮಗೆ ಇಲ್ಲವೆಂದವರು ಯಾರೂ ಇಲ್ಲ.

ಉತ್ತರ: ಮಕ್ಕಳ ವೈದ್ಯ, ಚಿತ್ರದುರ್ಗ

ಫ್ಲೋರೈಡ್ ವಿಷಯ ಬರೆದವರಿಗೆ ಧನ್ಯವಾದ. ಇದನ್ನು ನಾನೂ ಇನ್ನು ಮುಂದೆ ಪಾಲಕರಿಗೆ ಹೇಳುತ್ತೇನೆ.

ಅಮ್ಮ, ನೀವು ಕೇಳಿದ್ದಿರಿ, ಆಸ್ಪತ್ರೆಯಲ್ಲಿ ಏನು ಹೇಳಬೇಕೆಂದು. ಗಾಬರಿಯ ಹೊತ್ತಿನಲ್ಲಿ ಬಾಯಿಂದ ಹೇಳುವುದಕ್ಕಿಂತ ಚೀಟಿ ತೋರಿಸುವುದು ಮೇಲು. ನಿಮ್ಮ ಬೆಂಗಳೂರಿನ ವೈದ್ಯರಿಂದ ಅವರ ಲೆಟರ್‌ಹೆಡ್‌ನಲ್ಲಿ, ಸಹಿ ಮತ್ತು ಫೋನ್ ನಂಬರ್ ಸಮೇತ ಈ ಅರ್ಥದ ಪತ್ರವೊಂದನ್ನು ಬರೆಸಿಕೊಂಡು ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ಒಂದು ನಿಮ್ಮ ಚೀಲದಲ್ಲಿ, ಒಂದು ಶಾಲೆಯಲ್ಲಿ, ಒಂದು ಹಳ್ಳಿಯ ಮನೆಯಲ್ಲಿ ಇಡಿ:

“ಈ ಮಗುವಿಗೆ ನೆಫ್ರೋಜೆನಿಕ್ ಡಯಾಬಿಟಿಸ್ ಇನ್ಸಿಪಿಡಸ್ ಇದೆ. ನಿರ್ಜಲೀಕರಣವಿದ್ದರೂ ಮೂತ್ರ ಹೋಗುತ್ತಲೇ ಇರುತ್ತದೆ. ಬಂದ ಕೂಡಲೇ ರಕ್ತದ ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ, ಕ್ರಿಯಾಟಿನಿನ್ ನೋಡಿ, ತೂಕ ತೆಗೆದುಕೊಳ್ಳಿ. ಶಾಕ್ ಇಲ್ಲದಿದ್ದರೆ 0.9 ಶೇಕಡಾ ಸಲೈನ್, ಡಿಎನ್‌ಎಸ್, ರಿಂಗರ್ ಲ್ಯಾಕ್ಟೇಟ್ ಕೊಡಬೇಡಿ. ಬಾಯಿಂದ ಕುಡಿಸಿದ ನೀರು ಹೊಟ್ಟೆಯಲ್ಲಿ ನಿಲ್ಲದಿದ್ದರೆ 5 ಶೇಕಡಾ ಡೆಕ್ಸ್ಟ್ರೋಸ್ ಕೊಟ್ಟು ಸೋಡಿಯಂ ಹಾಗೂ ಸಕ್ಕರೆಯನ್ನು ಪದೇಪದೇ ನೋಡಿ. ಒಳಹೋದ ಮತ್ತು ಹೊರಬಂದ ದ್ರವದ ಲೆಕ್ಕ ಬರೆದಿಡಿ. ಕೂಡಲೇ ನಮಗೆ ಫೋನ್ ಮಾಡಿ.”

ಇದಕ್ಕೆ ಒಂದು ಸಾಲು ಸೇರಿಸುವುದನ್ನು ಮರೆಯಬೇಡಿ. ಮುಂದೆ ಯಾವ ಸಣ್ಣ ಶಸ್ತ್ರಚಿಕಿತ್ಸೆಗಾದರೂ, ಸ್ಕ್ಯಾನಿಗಾದರೂ ಮಗುವನ್ನು ಹಸಿವಿನಲ್ಲಿ ಇರಿಸಬೇಕೆಂದರೆ, ಬಾಯಿಗೆ ನೀರು ನಿಲ್ಲಿಸಿದ ಗಳಿಗೆಯಿಂದಲೇ ಡ್ರಿಪ್ ಶುರುವಾಗಬೇಕು, ಪಟ್ಟಿಯಲ್ಲಿ ಅವನ ಹೆಸರು ಬೆಳಗಿನ ಮೊದಲನೆಯದಾಗಿರಬೇಕು. ರಾತ್ರಿಯಿಂದ ಏನೂ ಕೊಡಬೇಡಿ ಎಂಬ ಸಾಮಾನ್ಯ ಸೂಚನೆ ಅವನಿಗೆ ಅನ್ವಯಿಸುವುದಿಲ್ಲ.